ಗ್ರಿಡ್‌ನ ನಾಡಿ ಹಿಡಿದವರು

ಮಿಂಚು ಕೂಡ ವಿದ್ಯುತ್ತೇ ಎಂದು ತೋರಿಸಲು ಗಾಳಿಪಟ ಹಾರಿಸಿದ ಬೆಂಜಮಿನ್ ಫ್ರಾಂಕ್ಲಿನ್‌ನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅವನ ಹೆಸರಿನ ಸಂಸ್ಥೆಯೊಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. 1824ರಲ್ಲಿ ಹುಟ್ಟಿದ ಈ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಎಡಿಸನ್, ಟೆಸ್ಲಾ, ಮೇರಿ ಕ್ಯೂರಿ, ಐನ್‌ಸ್ಟೈನ್ ಇವರಿಗೆಲ್ಲ ಪದಕ ಕೊಟ್ಟಿದೆ. 2008ರಲ್ಲಿ ಅದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದ ಬೆಂಜಮಿನ್ ಫ್ರಾಂಕ್ಲಿನ್ ಪದಕವನ್ನು ಇಬ್ಬರಿಗೆ ಸೇರಿಸಿ ಕೊಟ್ಟಿತು. ಒಬ್ಬರು ಅರುಣ್ ಫಡ್ಕೆ, ಇನ್ನೊಬ್ಬರು ಜೇಮ್ಸ್ ಥಾರ್ಪ್.

ಎಡಿಸನ್ ಹೆಸರು ಗೊತ್ತಿಲ್ಲದವರು ಯಾರೂ ಇಲ್ಲ. ಈ ಇಬ್ಬರ ಹೆಸರು ಮಾತ್ರ ಎಲೆಕ್ಟ್ರಿಕಲ್ ಓದಿದವರಲ್ಲೂ ಎಷ್ಟೋ ಜನರಿಗೆ ಗೊತ್ತಿರಲಾರದು. ಕಾರಣ ಊಹಿಸುವುದು ಕಷ್ಟವಲ್ಲ. ಎಡಿಸನ್ ದೀಪ ಹೊತ್ತಿಸಿದರು, ಜನ ನೋಡಿದರು. ಫಡ್ಕೆ ಮತ್ತು ಥಾರ್ಪ್ ಮಾಡಿದ್ದು ಇಡೀ ವಿದ್ಯುತ್ ಜಾಲದ ನಾಡಿಮಿಡಿತವನ್ನು ಅಳೆಯುವ ಉಪಕರಣ. ಅದು ಚೆನ್ನಾಗಿ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ. ಏನೂ ಆಗದ ದಿನವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಆ ಉಪಕರಣದ ಕಥೆಯನ್ನೂ ಅದರ ಹಿಂದಿದ್ದವರ ಕಥೆಯನ್ನೂ ಇಲ್ಲಿ ಹೇಳುತ್ತೇನೆ. ಪದಕ ಬಂದದ್ದು ಇಬ್ಬರಿಗೆ. ಕೆಲಸ ಮಾತ್ರ ನೂರು ವರ್ಷಗಳಲ್ಲಿ ಹರಡಿಕೊಂಡಿದೆ.

ಅಳೆಯಬೇಕಾದದ್ದು ಏನು?

ಮೊದಲು ಗ್ರಿಡ್ ಎಂದರೇನು ಎಂದು ಸ್ವಲ್ಪ ನೋಡೋಣ. ನಮ್ಮ ಮನೆಗೆ ಬರುವ ಕರೆಂಟು ಯಾವುದೋ ಒಂದು ಸ್ಥಾವರದಿಂದ ನೇರ ಬರುವುದಿಲ್ಲ. ದೇಶದ ನೂರಾರು ಜನರೇಟರ್‌ಗಳು ಒಂದೇ ತಂತಿಜಾಲಕ್ಕೆ ಸೇರಿಕೊಂಡು, ಸೆಕೆಂಡಿಗೆ 50 ಆವರ್ತನದ ಒಂದೇ ಲಯದಲ್ಲಿ ತಿರುಗುತ್ತಿರುತ್ತವೆ. ರಾಯಚೂರಿನ ಶಾಖೋತ್ಪನ್ನ ಸ್ಥಾವರ, ಶರಾವತಿಯ ಟರ್ಬೈನ್, ಛತ್ತೀಸಗಢದ ಕಲ್ಲಿದ್ದಲ ಘಟಕ ಎಲ್ಲವೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು.

ಕಣದಲ್ಲಿ ಮೇಟಿಯ ಸುತ್ತ ತಿರುಗುವ ಎತ್ತುಗಳನ್ನು ಕಲ್ಪಿಸಿಕೊಳ್ಳಿ. ಒಂದು ಬದಲಾವಣೆ ಮಾತ್ರ: ಎತ್ತುಗಳನ್ನು ಒಂದಕ್ಕೊಂದು ಕಟ್ಟಿರುವುದು ಹಗ್ಗದಿಂದಲ್ಲ, ರಬ್ಬರಿನಿಂದ. ಎಲ್ಲವೂ ಒಂದೇ ವೇಗದಲ್ಲಿ ನಡೆದರೂ ಬಲವಾಗಿ ಎಳೆಯುವ ಎತ್ತು ಒಂದಿಷ್ಟು ಮುಂದೆ, ಭಾರ ಹೊತ್ತದ್ದು ಒಂದಿಷ್ಟು ಹಿಂದೆ ಇರುತ್ತದೆ. ನಡುವಿನ ರಬ್ಬರು ಎಷ್ಟು ಹಿಗ್ಗಿದೆ ಎಂಬುದರ ಮೇಲೆ ಮುಂದಿನದರಿಂದ ಹಿಂದಿನದಕ್ಕೆ ಎಷ್ಟು ಬಲ ಹೋಗುತ್ತಿದೆ ಎಂದು ತಿಳಿಯುತ್ತದೆ. ಮಿತಿ ಮೀರಿ ಹಿಗ್ಗಿದರೆ ರಬ್ಬರು ಹರಿಯುತ್ತದೆ. ಆಗ ಅದು ಹೊತ್ತಿದ್ದ ಎಳೆತವೆಲ್ಲ ಪಕ್ಕದ ರಬ್ಬರುಗಳ ಮೇಲೆ ಬಿದ್ದು ಅವೂ ಹರಿಯುತ್ತವೆ. ಬ್ಲ್ಯಾಕೌಟ್ ಎಂದರೆ ಹೆಚ್ಚುಕಡಿಮೆ ಇದೇ.

ಈ ಹಿಗ್ಗುವಿಕೆಯನ್ನು ಎಂಜಿನಿಯರುಗಳು ಕೋನದಲ್ಲಿ ಹೇಳುತ್ತಾರೆ. ಎರಡು ಊರುಗಳ ವೋಲ್ಟೇಜ್ ಅಲೆಗಳ ನಡುವಿನ ಕೋನ ದೊಡ್ಡದಾಗುತ್ತಿದ್ದರೆ ಜಾಲದ ಮೇಲೆ ಒತ್ತಡ ಹೆಚ್ಚುತ್ತಿದೆ ಎಂದರ್ಥ. ಹೀಗೆ ಅಲೆಯೊಂದನ್ನು ಅದರ ಗಾತ್ರ ಮತ್ತು ಕೋನಗಳಿಂದ ಬರೆಯುವ ಗಣಿತವನ್ನು ವಿದ್ಯುತ್ ಎಂಜಿನಿಯರುಗಳ ಕೈಗೆ ಕೊಟ್ಟವರು ಚಾರ್ಲ್ಸ್ ಸ್ಟೈನ್‌ಮೆಟ್ಜ್. ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದ ಈ ಗೂನುಬೆನ್ನಿನ ಗಣಿತಜ್ಞ 1893ರಲ್ಲಿ, ಮಿಶ್ರ ಸಂಖ್ಯೆಗಳನ್ನು ಬಳಸಿದರೆ ಆಲ್ಟರ್ನೇಟಿಂಗ್ ಕರೆಂಟಿನ ಲೆಕ್ಕ ಎಷ್ಟು ಸುಲಭವಾಗುತ್ತದೆ ಎಂದು ತೋರಿಸಿದರು. ಇವತ್ತು ನಾವು ಫೇಸರ್ ಎನ್ನುವುದರ ಬೇರು ಅಲ್ಲಿದೆ. 1918ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಚಾರ್ಲ್ಸ್ ಫೋರ್ಟೆಸ್ಕ್ಯೂ, ಮೂರು ಫೇಸ್‌ಗಳ ಅಸಮತೋಲವನ್ನು ಸಮತೋಲದ ಕೆಲವು ಭಾಗಗಳಾಗಿ ಬಿಡಿಸಿ ನೋಡುವ ವಿಧಾನ ಕೊಟ್ಟರು. ಈ ಎರಡನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಅರವತ್ತು ವರ್ಷದ ನಂತರ ಮತ್ತೆ ಬರುತ್ತದೆ.

ಕೋನ ಮುಖ್ಯ ಎಂದು ಗೊತ್ತಿತ್ತು, ಲೆಕ್ಕ ಹಾಕುವ ಗಣಿತವೂ ಇತ್ತು. ಆದರೂ ದೂರದ ಎರಡು ಊರುಗಳ ನಡುವಿನ ಕೋನವನ್ನು ನೇರವಾಗಿ ಅಳೆಯಲು ಬಹುಕಾಲ ಸಾಧ್ಯವಾಗಲಿಲ್ಲ. ಅಡ್ಡಿ ಇದ್ದದ್ದು ಗಡಿಯಾರದಲ್ಲಿ. 50 ಹರ್ಟ್ಸ್‌ನಲ್ಲಿ ಒಂದು ಪೂರ್ಣ ಆವರ್ತನಕ್ಕೆ, ಅಂದರೆ 360 ಡಿಗ್ರಿಗೆ, ಹಿಡಿಯುವ ಸಮಯ 20 ಮಿಲಿಸೆಕೆಂಡ್. ಎರಡು ಊರಿನ ಗಡಿಯಾರಗಳ ನಡುವೆ ಒಂದೇ ಒಂದು ಮಿಲಿಸೆಕೆಂಡ್ ವ್ಯತ್ಯಾಸ ಬಂದರೂ ಅಳತೆಯಲ್ಲಿ 18 ಡಿಗ್ರಿ ತಪ್ಪು. ಅಳೆಯಬೇಕಾದ ಕೋನವೇ ಕೆಲವು ಹತ್ತು ಡಿಗ್ರಿಗಳಷ್ಟಿರುವಾಗ ಇಂಥ ಅಳತೆ ಯಾತಕ್ಕೂ ಬಾರದು.

ತನ್ನ ತಂತಿಯನ್ನಷ್ಟೇ ನೋಡುವ ಕಾವಲುಗಾರ

1965ರ ನವೆಂಬರ್ 9ರ ಸಂಜೆ 5 ಗಂಟೆ 16 ನಿಮಿಷಕ್ಕೆ ಕೆನಡಾದ ಒಂಟಾರಿಯೊದಲ್ಲಿ ನಯಾಗರ ಬಳಿಯ ಒಂದು ಜಲವಿದ್ಯುತ್ ಕೇಂದ್ರದಲ್ಲಿ ಒಂದು ರಿಲೇ ಕೆಲಸ ಮಾಡಿತು. ತಂತಿಯಲ್ಲಿ ದೋಷ ಕಂಡರೆ ಅದನ್ನು ಜಾಲದಿಂದ ಕತ್ತರಿಸುವ ಕಾವಲುಗಾರನೇ ರಿಲೇ. ಅಂದು ತಂತಿಯಲ್ಲಿ ದೋಷವೇನೂ ಇರಲಿಲ್ಲ. ಹರಿಯುತ್ತಿದ್ದ ವಿದ್ಯುತ್ತು, ಎಷ್ಟೋ ಹಿಂದೆ ಆ ರಿಲೇಗೆ ಹಾಕಿಟ್ಟಿದ್ದ ಮಿತಿಯನ್ನು ದಾಟಿತ್ತು, ಅಷ್ಟೆ. ಒಂದು ತಂತಿ ಹೋದಾಗ ಅದರ ಭಾರ ಪಕ್ಕದವುಗಳ ಮೇಲೆ ಬಿತ್ತು. ಕೆಲವೇ ನಿಮಿಷಗಳಲ್ಲಿ ನ್ಯೂಯಾರ್ಕ್ ಸೇರಿದಂತೆ ಸುಮಾರು 3 ಕೋಟಿ ಜನ ಕತ್ತಲಲ್ಲಿದ್ದರು.

ಈ ಘಟನೆಯಿಂದ ಎರಡು ಪಾಠ ಬಂದವು. ಪ್ರತಿ ರಿಲೇಗೂ ಕಾಣುವುದು ತನ್ನ ತಂತಿ ಮಾತ್ರ. ಇಡೀ ಜಾಲವನ್ನು ಒಟ್ಟಾಗಿ ನೋಡುವವರು ಯಾರೂ ಇಲ್ಲ. ಇದಕ್ಕೆ ಮೊದಲ ಉತ್ತರ ಕೊಟ್ಟವರು ಎಂಐಟಿಯ ಫ್ರೆಡ್ ಶ್ವೆಪ್ಪೆ. 1970ರಲ್ಲಿ ಅವರು ಸಹಲೇಖಕರೊಂದಿಗೆ ಪ್ರಕಟಿಸಿದ ಪ್ರಬಂಧಗಳು ಸ್ಟೇಟ್ ಎಸ್ಟಿಮೇಶನ್ ಎಂಬ ವಿಧಾನವನ್ನು ತಂದವು. ಅಲ್ಲಲ್ಲಿಂದ ಬರುವ ಅರೆಬರೆ, ಒಂದಿಷ್ಟು ತಪ್ಪೂ ಇರುವ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಜಾಲದ ಸ್ಥಿತಿ ಹೀಗಿರಬಹುದು ಎಂಬ ಅತ್ಯುತ್ತಮ ಅಂದಾಜನ್ನು ಪಡೆಯುವ ವಿಧಾನ ಅದು. ಜಗತ್ತಿನ ಪ್ರತಿಯೊಂದು ದೊಡ್ಡ ನಿಯಂತ್ರಣ ಕೇಂದ್ರದಲ್ಲೂ ಇಂದಿಗೂ ಅದು ಓಡುತ್ತಿದೆ.

ಆದರೂ ಅದು ಅಂದಾಜೇ. ಕೋನವನ್ನು ಅಲ್ಲಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಅಳತೆಗಳು ಕೆಲವು ಸೆಕೆಂಡುಗಳಿಗೊಮ್ಮೆ, ಒಂದೊಂದು ಊರಿಂದ ಒಂದೊಂದು ಗಳಿಗೆಯಲ್ಲಿ ಬರುತ್ತವೆ. ಮದುವೆ ಮನೆಯಲ್ಲಿ ಎಲ್ಲರನ್ನೂ ಬೇರೆಬೇರೆ ಹೊತ್ತಿನಲ್ಲಿ ಫೋಟೋ ತೆಗೆದು ಕೊನೆಗೆ ಒಂದೇ ಚಿತ್ರಕ್ಕೆ ಅಂಟಿಸಿದ ಹಾಗೆ. ಜಾಲ ಶಾಂತವಾಗಿದ್ದಾಗ ಇದು ಸಾಕು. ಗಲಾಟೆ ಶುರುವಾದಾಗ, ಅಂದರೆ ನಿಜವಾಗಿ ಬೇಕಾದಾಗ, ಸಾಲುವುದಿಲ್ಲ.

ರಿಲೇ ಮಾಡಲು ಹೋಗಿ ಸಿಕ್ಕಿದ್ದು

ಅರುಣ್ ಫಡ್ಕೆ 1959ರಲ್ಲಿ ಖರಗ್‌ಪುರದ ಐಐಟಿಯಲ್ಲಿ ಬಿಟೆಕ್ ಮುಗಿಸಿ ಅಮೆರಿಕಕ್ಕೆ ಹೋದವರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಪಿಎಚ್‌ಡಿ. 1969ರಲ್ಲಿ ಅಮೆರಿಕನ್ ಎಲೆಕ್ಟ್ರಿಕ್ ಪವರ್ ಎಂಬ ದೊಡ್ಡ ವಿದ್ಯುತ್ ಕಂಪನಿ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಗ್ರಿಡ್‌ನ ಮೇಲೆ ಕಣ್ಣಿಡುವುದಲ್ಲ. ಕಂಪ್ಯೂಟರಿನಿಂದ ರಿಲೇ ಮಾಡಬಹುದೇ ಎಂದು ನೋಡುವುದು.

ಆಗಿನ ಕಂಪ್ಯೂಟರುಗಳ ಶಕ್ತಿ ನಿಮಗೆ ಗೊತ್ತೇ ಇದೆ. ಮೂರು ಫೇಸ್‌ಗಳ ತಂತಿಯಲ್ಲಿ ಹತ್ತು ಬಗೆಯ ದೋಷಗಳು ಬರಬಹುದು. ಯಾವುದು ಬಂದಿದೆ ಎಂದು ತಿಳಿಯಲು ಆರು ಸಮೀಕರಣಗಳನ್ನು ಬಿಡಿಸಬೇಕು, ಅದೂ ತಂತಿ ಸುಟ್ಟುಹೋಗುವ ಮೊದಲು. ಆ ಯಂತ್ರಕ್ಕೆ ಅದು ಭಾರವಾಗಿತ್ತು. ಆಗ ಫಡ್ಕೆ ಮತ್ತು ಸಹೋದ್ಯೋಗಿಗಳು ಫೋರ್ಟೆಸ್ಕ್ಯೂ ಅವರ 1918ರ ವಿಧಾನದ ಕಡೆ ತಿರುಗಿದರು. ಅದನ್ನು ಬಳಸಿದರೆ ಎಲ್ಲ ಬಗೆಯ ದೋಷಗಳಿಗೂ ಒಂದೇ ಸಮೀಕರಣ ಸಾಕಾಗುತ್ತಿತ್ತು. 1977ರಲ್ಲಿ ಆ ಕೆಲಸ ಪ್ರಕಟವಾಯಿತು. ಅದರ ಹಿಂದುಮುಂದಿನ ವರ್ಷಗಳಲ್ಲೇ, ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇಮ್ಸ್ ಥಾರ್ಪ್ ಒಂದು ವರ್ಷದ ಮಟ್ಟಿಗೆ ಕಂಪನಿಗೆ ಬಂದು ಈ ಗುಂಪಿನ ಜೊತೆ ಕೂತರು.

ಇಲ್ಲಿಂದ ಕಥೆ ತಿರುಗುತ್ತದೆ. ರಿಲೇ ತನ್ನ ಕೆಲಸಕ್ಕಾಗಿ ಲೆಕ್ಕ ಹಾಕುವಾಗ ನಡುವೆ ಒಂದು ಸಂಖ್ಯೆ ಹೊರಬರುತ್ತಿತ್ತು: ಆ ಊರಿನ ಪಾಸಿಟಿವ್ ಸೀಕ್ವೆನ್ಸ್ ವೋಲ್ಟೇಜ್, ಗಾತ್ರ ಮತ್ತು ಕೋನ ಸಮೇತ. ರಿಲೇ ಅದನ್ನು ಬಳಸಿ ಎಸೆಯುತ್ತಿತ್ತು. ಆದರೆ ಗ್ರಿಡ್‌ನ ಎಲ್ಲ ದೊಡ್ಡ ಲೆಕ್ಕಗಳಿಗೂ ಬೇಕಾದದ್ದು ಅದೇ ಸಂಖ್ಯೆ. ಶ್ವೆಪ್ಪೆಯ ವಿಧಾನ ಕಷ್ಟಪಟ್ಟು ಅಂದಾಜು ಮಾಡುತ್ತಿದ್ದದ್ದು ಇಲ್ಲಿ ನೇರವಾಗಿ ಅಳತೆಗೆ ಸಿಕ್ಕಿತ್ತು. ಎಣ್ಣೆ ತೆಗೆಯಲು ಹೋದವರು ಹಿಂಡಿಯಲ್ಲಿ ಹೆಚ್ಚು ಬೆಲೆಬಾಳುವ ವಸ್ತು ಕಂಡ ಹಾಗೆ. 1983ರಲ್ಲಿ ಫಡ್ಕೆ, ಥಾರ್ಪ್ ಮತ್ತು ಮಾರ್ಕ್ ಆಡಮಿಯಾಕ್ ಸೇರಿ ಬರೆದ ಪ್ರಬಂಧ ಈ ವಿಷಯದ ಮೂಲಪಾಠ ಎನಿಸಿಕೊಂಡಿದೆ. ಮೂರು ಹೆಸರುಗಳಿದ್ದವು ಎಂಬುದನ್ನು ಗಮನಿಸಿ.

ಇವರಷ್ಟೇ ಈ ಹಾದಿಯಲ್ಲಿರಲಿಲ್ಲ. ಕೆನಡಾದ ಕ್ವಿಬೆಕ್‌ನ ವಿದ್ಯುತ್ ಸಂಸ್ಥೆಯಲ್ಲಿ ಮಿಸೂ ಮತ್ತು ಗಿರಾರ್ ಎಂಬ ಎಂಜಿನಿಯರುಗಳು ಮಾಂಟ್ರಿಯಲ್ ಮತ್ತು ಸೆಟ್-ಈಲ್ ಊರುಗಳ ನಡುವಿನ ಕೋನವನ್ನು ಅಳೆದು 1980ರಲ್ಲಿ ಪ್ರಕಟಿಸಿದ್ದರು. ಗಡಿಯಾರಗಳನ್ನು ಹೊಂದಿಸಲು ಆ ಕಾಲದ ಪ್ರಯೋಗಗಳು ಹಡಗುಗಳ ದಾರಿ ತೋರಿಸುವ ರೇಡಿಯೊ ಸಂಕೇತಗಳಂಥವನ್ನು ನೆಚ್ಚಿಕೊಂಡಿದ್ದವು. 1981ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪನಿಯ ಬೊನಾನೋಮಿ ಕೂಡ ಇಂಥದ್ದೇ ಪ್ರಬಂಧ ಬರೆದರು. ಅವರ ಕಾಲಕ್ಕೆ ಒಳ್ಳೆಯ ಗಡಿಯಾರವಿರಲಿಲ್ಲ, ಅಷ್ಟೆ. ಪದಕಗಳ ಇತಿಹಾಸದಲ್ಲಿ ಇಂಥ ಹೆಸರುಗಳು ಅಡಿಟಿಪ್ಪಣಿಗೆ ಹೋಗುತ್ತವೆ.

ಆಕಾಶದ ಗಡಿಯಾರ

ಗಡಿಯಾರ ಆಕಾಶದಿಂದ ಬಂತು. ಅಮೆರಿಕದ ಸೇನೆ ತನ್ನ ಉಪಯೋಗಕ್ಕೆ ಹಾರಿಸುತ್ತಿದ್ದ ಜಿಪಿಎಸ್ ಉಪಗ್ರಹಗಳು ಭೂಮಿಯ ಯಾವ ಮೂಲೆಗೂ ಒಂದು ಮೈಕ್ರೋಸೆಕೆಂಡಿನಷ್ಟು ನಿಖರವಾದ ಸಮಯ ಕೊಡಬಲ್ಲವು. ಒಂದು ಮೈಕ್ರೋಸೆಕೆಂಡ್ ಎಂದರೆ 50 ಹರ್ಟ್ಸ್‌ನಲ್ಲಿ 0.018 ಡಿಗ್ರಿ. ಹಿಂದೆ 18 ಡಿಗ್ರಿ ತಪ್ಪುತ್ತಿದ್ದ ಕಡೆ ಈಗ ಅದರ ಸಾವಿರದಲ್ಲೊಂದು ಭಾಗ!

1982ರಲ್ಲಿ ಫಡ್ಕೆ ಕಂಪನಿ ಬಿಟ್ಟು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ ಸೇರಿದ್ದರು. ಅಲ್ಲಿಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಜೊತೆ 1988ರ ಹೊತ್ತಿಗೆ ಅವರು ಮೊದಲ ಫೇಸರ್ ಮೆಶರ್‌ಮೆಂಟ್ ಯೂನಿಟ್ ಸಿದ್ಧಪಡಿಸಿದರು. ಇಂದು ಎಲ್ಲರೂ ಪಿಎಂಯು ಎನ್ನುತ್ತಾರೆ. ಆಗ ಆಕಾಶದಲ್ಲಿ ಉಪಗ್ರಹಗಳೇ ಕಡಿಮೆ. ಯಾವುದೂ ಕಾಣದ ಹೊತ್ತಿನಲ್ಲಿ ಸಮಯ ತಪ್ಪದಂತೆ ಒಂದು ದುಬಾರಿ ಸ್ಫಟಿಕ ಗಡಿಯಾರವನ್ನು ಜೊತೆಗೆ ಇಡಬೇಕಿತ್ತು. ಅಲ್ಲಿ ತಯಾರಾದ ಯಂತ್ರಗಳು ಬಾನೆವಿಲ್ ಪವರ್, ನ್ಯೂಯಾರ್ಕ್ ಪವರ್ ಅಥಾರಿಟಿ ಮತ್ತು ಫಡ್ಕೆಯವರ ಹಳೆಯ ಕಂಪನಿಗೆ ಹೋದವು. ಸ್ವಲ್ಪ ಕಾಲದಲ್ಲೇ ಮ್ಯಾಕ್ರೋಡೈನ್ ಎಂಬ ಕಂಪನಿ ಅದನ್ನು ಮಾರಾಟಕ್ಕೂ ತಂದಿತು.

ಆಮೇಲೆ? ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕರೆಂಟು ಬರುತ್ತಿರುವಾಗ ಹೊಸ ಅಳತೆಯ ಯಂತ್ರಕ್ಕೆ ಹಣ ಕೊಡಿ ಎಂದರೆ ಯಾವ ಕಂಪನಿ ಕೊಡುತ್ತದೆ? ನಾನು ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುತ್ತಿದ್ದೇನೆ. ಬಜೆಟ್ ಕತ್ತರಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಮಾನಿಟರಿಂಗ್‌ಗೆ ಎಂಬುದನ್ನು ಈ ಕ್ಷೇತ್ರದ ಯಾರನ್ನು ಬೇಕಾದರೂ ಕೇಳಿ. ಗ್ರಾಹಕನಿಗೆ ತೋರಿಸಲು ಅದರಲ್ಲಿ ಏನೂ ಇರುವುದಿಲ್ಲ.

ಆ ವರ್ಷಗಳಲ್ಲಿ ಈ ತಂತ್ರಜ್ಞಾನವನ್ನು ಉಳಿಸಿದವರಲ್ಲಿ ಬಾನೆವಿಲ್‌ನ ಕೆನ್ ಮಾರ್ಟಿನ್‌ರಂಥವರು ಮುಖ್ಯರು. ಬೇರೆಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆ ಆಡದಿದ್ದರೆ ಅವುಗಳ ಅಳತೆಗಳನ್ನು ಹೋಲಿಸಲಾಗದು. ಅದಕ್ಕೆ ಮಾನದಂಡ ಬೇಕು. 1995ರಲ್ಲಿ ಐಇಇಇ ಮೊದಲ ಮಾನದಂಡ ತಂದಿತು, 2005ರಲ್ಲಿ ಅದಕ್ಕಿಂತ ಉತ್ತಮವಾದದ್ದು ಬಂತು. ಮಾನದಂಡ ಬರೆಯುವ ಸಮಿತಿಯಲ್ಲಿ ಕೂತವರಿಗೆ ಗೊತ್ತು, ಒಂದು ಪದಕ್ಕಾಗಿ ತಿಂಗಳುಗಟ್ಟಲೆ ವಾದ ನಡೆಯುತ್ತದೆ. ಅಂಥ ಸಭೆಗಳಿಗೆ ಯಾರೂ ಪದಕ ಕೊಡುವುದಿಲ್ಲ.

1996ರ ಆಗಸ್ಟ್ 10ರಂದು ಪಶ್ಚಿಮ ಅಮೆರಿಕದ ಗ್ರಿಡ್ ತೂಗಾಡಿ ತುಂಡಾಯಿತು. ಬಾನೆವಿಲ್‌ನ ಯಂತ್ರಗಳು ಆ ತೂಗಾಟವನ್ನು ದಾಖಲಿಸಿಕೊಂಡಿದ್ದವು. ನಂತರ ಎಂಜಿನಿಯರುಗಳು ಅದೇ ಘಟನೆಯನ್ನು ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿ ನೋಡಿದಾಗ ಮಾದರಿ ಹೇಳಿದ್ದು: ಗ್ರಿಡ್ ಸ್ಥಿರವಾಗಿದೆ! ವರ್ಷಗಟ್ಟಲೆ ನಂಬಿಕೊಂಡು ಬಂದ ಮಾದರಿಯೇ ಸರಿಯಿಲ್ಲ ಎಂದು ಅಳತೆ ತೋರಿಸಿಕೊಟ್ಟಿತು.

ಗಂಟೆ ಬಾರಿಸದ ಮಧ್ಯಾಹ್ನ

ಹಣ ಬರಲು ಇನ್ನೊಂದು ದೊಡ್ಡ ಕತ್ತಲು ಬೇಕಾಯಿತು. 2003ರ ಆಗಸ್ಟ್ 14. ಒಹಾಯೊ ರಾಜ್ಯದ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತಿತು. ಕಾರಣ ಒಂದು ರೇಸ್ ಕಂಡೀಶನ್. ನಮ್ಮ ಓದುಗರಲ್ಲಿ ಹಲವರಿಗೆ ಆ ಶಬ್ದ ಕೇಳಿದರೇ ಮೈ ಜುಂ ಎನ್ನಬಹುದು. ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿದ್ದವರಿಗೆ ತಮ್ಮ ಅಲಾರ್ಮ್ ಸತ್ತಿದೆ ಎಂದೇ ಗೊತ್ತಾಗಲಿಲ್ಲ. ಗಂಟೆ ಬಾರಿಸಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಂಡರು. ಅದೇ ಪ್ರದೇಶದ ಮೇಲ್ವಿಚಾರಣೆ ಮಾಡುತ್ತಿದ್ದ ಇನ್ನೊಂದು ಸಂಸ್ಥೆಯಲ್ಲಿ ಸ್ಟೇಟ್ ಎಸ್ಟಿಮೇಟರ್ ಕೂಡ ಅಂದು ಸರಿಯಾಗಿ ಓಡುತ್ತಿರಲಿಲ್ಲ. ತಂತಿಗಳು ಒಂದೊಂದಾಗಿ ಜೋತುಬಿದ್ದು ಮರಗಳಿಗೆ ತಾಗಿದವು. ಸಂಜೆ ನಾಲ್ಕು ದಾಟಿದ ಮೇಲೆ ಕೆಲವೇ ನಿಮಿಷಗಳಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಇರಲಿಲ್ಲ.

ತನಿಖೆ ಮಾಡಲು ಕೂತವರಿಗೆ ಇನ್ನೊಂದು ತಲೆನೋವು. ಸಾವಿರಾರು ಘಟನೆಗಳ ದಾಖಲೆ ಇತ್ತು, ಆದರೆ ಎಲ್ಲ ಗಡಿಯಾರಗಳೂ ಬೇರೆಬೇರೆ ಸಮಯ ಹೇಳುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸುವುದೇ ಬಹುದೊಡ್ಡ ಕೆಲಸವಾಯಿತು. ಎರಡು ಸರ್ವರ್‌ಗಳ ಲಾಗ್ ಇಟ್ಟುಕೊಂಡು ರಾತ್ರಿ ಪೂರ್ತಿ ಕೂತವರು ಅದನ್ನು ನೂರರಿಂದ ಗುಣಿಸಿಕೊಳ್ಳಿ. ತನಿಖಾ ವರದಿ, ಜಾಲದ ಎಲ್ಲ ದಾಖಲೆ ಯಂತ್ರಗಳೂ ಒಂದೇ ಸಮಯಕ್ಕೆ ಹೊಂದಿರಬೇಕೆಂದು ಹೇಳಿತು. ಹದಿನೈದು ವರ್ಷಗಳ ಹಿಂದೆಯೇ ವರ್ಜೀನಿಯಾದ ಪ್ರಯೋಗಾಲಯದಲ್ಲಿ ಆಗಿದ್ದ ಕೆಲಸ ಆಗ ಎಲ್ಲರಿಗೂ ಬೇಕಾಯಿತು. 2009ರ ನಂತರ ಅಮೆರಿಕದ ಸರ್ಕಾರ ಹಣ ಸುರಿದು ಸಾವಿರಕ್ಕೂ ಹೆಚ್ಚು ಪಿಎಂಯುಗಳು ಬಂದವು. ಎಡ್ಮಂಡ್ ಶ್ವೈಟ್ಜರ್ ಅವರದ್ದೂ ಸೇರಿದಂತೆ ಕೆಲವು ಕಂಪನಿಗಳು ರಿಲೇಯ ಒಳಗೇ ಪಿಎಂಯು ಸೇರಿಸಿದ್ದರಿಂದ ಬೆಲೆಯೂ ಇಳಿಯಿತು. ಯಿಲು ಲಿಯು ಎಂಬ ಪ್ರಾಧ್ಯಾಪಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯ ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿ ಗ್ರಿಡ್‌ನ ಆವರ್ತನ ಅಳೆಯುವ ಪುಟ್ಟ ಪೆಟ್ಟಿಗೆ ರೂಪಿಸಿದರು.

2008ರ ಫ್ರಾಂಕ್ಲಿನ್ ಪದಕವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಯಂತ್ರ ತಯಾರಾಗಿ ಇಪ್ಪತ್ತು ವರ್ಷಗಳ ಮೇಲೆ, ಅದಿಲ್ಲದ್ದರಿಂದ ಆದ ನಷ್ಟ ಎಲ್ಲರಿಗೂ ಕಂಡ ಐದು ವರ್ಷಗಳ ಮೇಲೆ, ಮನ್ನಣೆ ಬಂತು.

ನಮ್ಮ ಕತ್ತಲು, ನಮ್ಮ ಜೋಡಣೆ

ಈಗ ನಮ್ಮ ದೇಶಕ್ಕೆ ಬರೋಣ. 2010ರಲ್ಲಿ ಉತ್ತರ ಭಾರತದ ಗ್ರಿಡ್‌ನಲ್ಲಿ ಪ್ರಯೋಗಕ್ಕೆಂದು ಮೊದಲ ಕೆಲವು ಪಿಎಂಯುಗಳನ್ನು ಕೂರಿಸಿದರು. ಎರಡು ವರ್ಷಗಳ ಮೇಲೆ, 2012ರ ಜುಲೈ 30ರ ಬೆಳಗಿನ ಜಾವ 2 ಗಂಟೆ 33 ನಿಮಿಷಕ್ಕೆ, ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದವು. ದೆಹಲಿಯಲ್ಲಿರುವ ನಮ್ಮ ಕನ್ನಡಿಗರಿಗೆ ಮೆಟ್ರೊ ನಿಂತ ಆ ಮಧ್ಯಾಹ್ನ ಮರೆತಿರಲಿಕ್ಕಿಲ್ಲ. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಅದು.

ಎರಡು ದಿನವೂ ಮುಖ್ಯ ಪೆಟ್ಟು ಬಿದ್ದದ್ದು ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ತಂತಿಗೆ. ತಂತಿಯಲ್ಲಿ ದೋಷವಿರಲಿಲ್ಲ. ಭಾರ ಮಿತಿಮೀರಿತ್ತು, ರಿಲೇ ಅದನ್ನೇ ದೋಷ ಎಂದು ತಿಳಿದು ತಂತಿಯನ್ನು ಕತ್ತರಿಸಿತು. 1965ರ ನಯಾಗರದ ಕಥೆಯೇ ನೆನಪಾಗುತ್ತದೆ. ತನಿಖೆಗೆ ಆ ಕೆಲವೇ ಪಿಎಂಯುಗಳ ದಾಖಲೆ ಬಹಳ ಉಪಯೋಗವಾಯಿತು. ದೇಶದ ತುಂಬ ಇವು ಬೇಕು ಎಂಬುದಕ್ಕೆ ಆಮೇಲೆ ಹೆಚ್ಚು ವಾದ ಬೇಕಾಗಲಿಲ್ಲ. ಪವರ್‌ಗ್ರಿಡ್ ಸಂಸ್ಥೆಯ ದೊಡ್ಡ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಪಿಎಂಯುಗಳು ಬಂದವು.

ದಕ್ಷಿಣಕ್ಕೆ ಆ ಎರಡು ದಿನ ಏನೂ ಆಗಲಿಲ್ಲ. ಆಗ ನಮ್ಮ ಗ್ರಿಡ್ ಉಳಿದದ್ದರ ಜೊತೆ ಒಂದೇ ಲಯಕ್ಕೆ ಕಟ್ಟಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ತಂತಿಯಂಥ ಡಿಸಿ ಸಂಪರ್ಕಗಳು ಮಾತ್ರ ಇದ್ದವು. ಡಿಸಿ ತಂತಿಯಲ್ಲಿ ವಿದ್ಯುತ್ತು ಬರುತ್ತದೆ, ಲಯ ಬರುವುದಿಲ್ಲ. ಹಾಗಾಗಿ ಆಚೆಯ ತೂಗಾಟ ಈಚೆ ದಾಟಲಿಲ್ಲ.

ಆದರೆ ಪ್ರತ್ಯೇಕವಾಗಿರುವುದಕ್ಕೂ ಬೆಲೆಯಿತ್ತು: ಬೇರೆ ಕಡೆ ಅಗ್ಗದ ವಿದ್ಯುತ್ತು ಇದ್ದರೂ ಬೇಕಾದಷ್ಟು ತರಲಾಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಜೊತೆ ಜೋಡಿಸಲಾಯಿತು. ಬೇರೆಬೇರೆ ತಿರುಗುತ್ತಿದ್ದ ಎರಡು ಬೃಹತ್ ಯಂತ್ರಗಳು ಆ ದಿನದಿಂದ ಒಂದಾದವು. ಪುಣೆ, ಮುಂಬೈಯಿಂದ ಊರಿಗೆ ಹೋಗುವ ನಮ್ಮಲ್ಲಿ ಎಷ್ಟೋ ಜನ ಹಿಡಿಯುವ ಸೊಲ್ಲಾಪುರ-ರಾಯಚೂರು ರೈಲುದಾರಿಯ ಆಸುಪಾಸಿನಲ್ಲೇ ದೇಶದ ಎರಡು ಲಯಗಳು ಕೂಡಿದವು. ಇಂಥ ಜೋಡಣೆಯಲ್ಲಿ ಎಲ್ಲವೂ ನಿಂತಿರುವುದು ಆವರ್ತನ ಮತ್ತು ಕೋನ ಹೊಂದುವುದರ ಮೇಲೆ.

ಅಳತೆ ಬಂದರಷ್ಟೇ ಸಾಲದು, ಅದರ ಅರ್ಥ ಹೇಳುವವರೂ ಬೇಕು. ಗ್ರಿಡ್ ಬೀಳುವ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಯ ಮೇಲೆ ಜೀವಮಾನ ಕಳೆದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಎಂ. ಎ. ಪೈ, ಅಂದರೆ ಮಂಗಳೂರು ಅನಂತ ಪೈ. ಕಾನ್ಪುರದ ಐಐಟಿಯಲ್ಲೂ ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿದವರು, 1974ರ ಭಟ್ನಾಗರ್ ಪ್ರಶಸ್ತಿ ಪಡೆದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಆರ್. ಪಡಿಯಾರ್ ಇದೇ ವಿಷಯದ ಮೇಲೆ ಬರೆದ ಪಠ್ಯವನ್ನು ಎಂಟೆಕ್ ಓದುವವರು ಈಗಲೂ ಹಿಡಿದುಕೊಂಡಿರುತ್ತಾರೆ. ನಾಡಿ ಹಿಡಿಯುವುದು ಒಂದು ವಿದ್ಯೆಯಾದರೆ, ಮಿಡಿತ ಕೇಳಿ ರೋಗ ಹೇಳುವುದು ಇನ್ನೊಂದು.

ಒಂಬತ್ತು ನಿಮಿಷ

ಈ ಪರಂಪರೆಯ ಕೊನೆಯ ಕೊಂಡಿ ಲೋಡ್ ಡಿಸ್ಪ್ಯಾಚ್ ಕೇಂದ್ರಗಳ ಪಾಳಿಯಲ್ಲಿ ಕೂರುವವರು. ರಾಷ್ಟ್ರೀಯ ಕೇಂದ್ರ ದೆಹಲಿಯಲ್ಲಿದೆ, ದಕ್ಷಿಣ ವಲಯದ್ದು ಬೆಂಗಳೂರಿನಲ್ಲಿ, ಪಶ್ಚಿಮದ್ದು ಮುಂಬೈಯಲ್ಲಿ. ಹಬ್ಬ, ಭಾನುವಾರ, ಮಧ್ಯರಾತ್ರಿ ಯಾವುದೂ ಅವರಿಗಿಲ್ಲ.

2020ರ ಏಪ್ರಿಲ್ 5 ನಿಮಗೆಲ್ಲ ನೆನಪಿದೆ. ಕೊರೊನಾ ದಿನಗಳು. ರಾತ್ರಿ 9 ಗಂಟೆಗೆ 9 ನಿಮಿಷ ವಿದ್ಯುತ್ ದೀಪ ಆರಿಸಿ ಹಣತೆ ಹಚ್ಚಿ ಎಂಬ ಕರೆಗೆ ನಾವು ಬಾಲ್ಕನಿಗಳಲ್ಲಿ ನಿಂತಿದ್ದೆವು. ಆ ಹೊತ್ತಿಗೆ ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಎಂಬ ಅಂದಾಜಿತ್ತು. ಇಳಿದದ್ದು 31 ಸಾವಿರ ಮೆಗಾವ್ಯಾಟ್. ಕೆಲವೇ ನಿಮಿಷಗಳಲ್ಲಿ ಅಷ್ಟು ಭಾರ ಮಾಯವಾಗಿ, ಮತ್ತೆ ಕೆಲವೇ ನಿಮಿಷಗಳಲ್ಲಿ ವಾಪಸು ಬಂತು. ಸುಮಾರು 17,500 ಮೆಗಾವ್ಯಾಟ್‌ನಷ್ಟು ಜಲವಿದ್ಯುತ್ ಉತ್ಪಾದನೆಯನ್ನು ಇಳಿಸಿ, ಮತ್ತೆ ಏರಿಸಿ ಎಂಜಿನಿಯರುಗಳು ಅದನ್ನು ಸಂಭಾಳಿಸಿದರು. ಆವರ್ತನ 49.7 ಮತ್ತು 50.26 ಹರ್ಟ್ಸ್‌ಗಳ ನಡುವೆಯೇ ಉಳಿಯಿತು. ನಾವು ಹಣತೆ ಒಳಗೆ ತಂದು ಸ್ವಿಚ್ ಹಾಕಿದೆವು. ದೀಪ ಹತ್ತಿತು. ಅದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ ಎಂದು ಯಾರಿಗೂ ಅನಿಸಲಿಲ್ಲ.

ಗ್ರಿಡ್‌ನ ಇತಿಹಾಸದ ದೊಡ್ಡ ದಾಖಲೆಗಳೆಲ್ಲ ಸೋಲಿನ ವರದಿಗಳು. 1965, 2003, 2012, ಕಳೆದ ವರ್ಷಗಳಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದ 2025ರ ಏಪ್ರಿಲ್ 28. ಕುಸಿದಾಗ ಸಮಿತಿ ಕೂರುತ್ತದೆ, ಯಾರು ಏನು ತಪ್ಪು ಮಾಡಿದರು ಎಂದು ಸೆಕೆಂಡು ಸೆಕೆಂಡಿನ ಲೆಕ್ಕ ಬರೆಯುತ್ತದೆ. ಆ ಒಂಬತ್ತು ನಿಮಿಷಗಳ ಬಗ್ಗೆ ಮಾತ್ರ ಗ್ರಿಡ್ ನಡೆಸುವ, ಆಗ ಪೊಸೊಕೊ ಎಂಬ ಹೆಸರಿದ್ದ ಸಂಸ್ಥೆ, ಏನೂ ಕೆಡದೇ ಇದ್ದ ಘಟನೆಗೂ ಅಷ್ಟೇ ವಿವರವಾದ ವರದಿ ಹೊರತಂದಿತು. ಯಾವ ಗಳಿಗೆಯಲ್ಲಿ ಯಾವ ವಲಯ ಎಷ್ಟು ಇಳಿಸಿತು, ಹೇಗೆ ತಯಾರಾದರು ಎಂಬುದೆಲ್ಲ ಅದರಲ್ಲಿದೆ. ಮನ್ನಣೆ ಎಂದರೆ ನನಗೆ ಆ ವರದಿ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪದಕ ಒಬ್ಬಿಬ್ಬರ ಕೊರಳಿಗೆ ಮಾತ್ರ ಬೀಳುತ್ತದೆ. ವರದಿಯಲ್ಲಿ ಇಡೀ ಪಾಳಿಯ ಕೆಲಸ ಉಳಿಯುತ್ತದೆ, ಮುಂದಿನವರು ಅದನ್ನು ಓದಿ ಕಲಿಯಬಹುದು.

ಮುಂದಿನ ದಿನಗಳಿಗೆ ಇದು ಇನ್ನೂ ಬೇಕಾಗುತ್ತದೆ. ಪಾವಗಡದಲ್ಲಿ ಒಂದೇ ಕಡೆ 2,050 ಮೆಗಾವ್ಯಾಟ್ ಸೌರವಿದ್ಯುತ್ ಇದೆ. ಸೌರಫಲಕಕ್ಕೆ ತಿರುಗುವ ಭಾರವಿಲ್ಲ; ನಮ್ಮ ಕಣದಲ್ಲಿ ತೂಕದ ಎತ್ತುಗಳು ಕಡಿಮೆಯಾಗಿ ಹಗುರಾದವು ಹೆಚ್ಚುತ್ತಿವೆ. ಮೋಡ ಬಂದರೆ, ಒಂದು ತಂತಿ ಹೋದರೆ, ಲಯ ಮೊದಲಿಗಿಂತ ಬೇಗ ಬದಲಾಗುತ್ತದೆ. ಕೆಲವು ಸೆಕೆಂಡುಗಳಿಗೊಮ್ಮೆ ಬರುವ ಅಳತೆಯನ್ನು ನೆಚ್ಚಿಕೊಂಡು ಇಂಥ ಗ್ರಿಡ್ ನಡೆಸಲಾಗದು. ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಎಂಟೆಕ್‌ಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ. ಹೆಸರು ಬರಲು ಇಪ್ಪತ್ತು ವರ್ಷ ಹಿಡಿಯಬಹುದು ಎಂಬುದೂ ಈ ಇತಿಹಾಸದಲ್ಲೇ ಇದೆ. ಗೊತ್ತಿದ್ದು ಬನ್ನಿ.